ಪವರಿಲ್ಲದ ಗಾಜು

ಕೊತ್ತಂಬರಿ ಬೀಜ ಕಂದಿಗೆ ತಿರುಗಿ, ಕಂದು ಕಪ್ಪಿಗೆ ತಿರುಗುವ ಹೊತ್ತಾದರೂ ಅವನು ಬಾಣಲೆಯನ್ನು ಉರಿಯಿಂದ ಇಳಿಸಲಿಲ್ಲ. ಸವುಟು ಆಡಿಸುವುದನ್ನೂ ನಿಲ್ಲಿಸಿ, ಮೈಯೆಲ್ಲ ಕಿವಿಯಾಗಿ ನಿಂತಿದ್ದ. ನಡುಮನೆಯಲ್ಲಿ ಹೆಂಡತಿ ಪೇಪರಿನ ಹಾಳೆ ಮಗುಚಿದ ಸದ್ದಾಯಿತು. ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಅಂದುಕೊಂಡ. ಹಿಂದೆ ಅಪರೂಪಕ್ಕೆ ಅವನು ಏನಾದರೂ ಹುರಿಯಲು ನಿಂತರೆ, ಅವಳು ಬಚ್ಚಲಲ್ಲಿದ್ದರೆ ಬಚ್ಚಲಿಂದ, ಬೀದಿಯಲ್ಲಿದ್ದರೆ ಬೀದಿಯಿಂದಲೇ “ಇಳಿಸ್ರೀ, ಆಯ್ತು ಅದು” ಎಂಬ ಮಾತು ಹಾರಿ ಬರುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ಅವನಿಗೆ ರೇಗುತ್ತಿತ್ತು. ಇವತ್ತು ಹೊಗೆ ಒಲೆಯ ಮೇಲಿಂದ ಎದ್ದು, ಬಾಗಿಲ ದಾರಂದದ ಹತ್ತಿರ ತುಸು ಅನುಮಾನಿಸಿದಂತೆ ಮಾಡಿ, ಬಾಗಿ ನಡುಮನೆಯೊಳಕ್ಕೆ ಹೋಯಿತು. ಅವನು ಕತ್ತು ಚಾಚಿ ನೋಡಿದ. ಕಿಟಕಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಹೊಗೆಯ ಎಳೆ ಕಾಣಿಸಿತು. ಅವಳ ಕಣ್ಣು ಪೇಪರಿನಿಂದ ಎದ್ದು ಆ ಎಳೆಯ ಮೇಲೆ ನಿಂತಿತು. ಆಮೇಲೆ ಅವಳ ಮೂಗು ಅರಳಿತು.

“ಏನ್ರೀ, ಸೀದು ಹೋಗ್ತಿದೆಯಲ್ಲ, ವಾಸನೆ ಬರ್ತಿಲ್ವಾ ನಿಮಗೆ?”

“ಬಂತು, ಬಂತು,” ಎಂದು ಬಾಣಲೆ ಇಳಿಸಿದ. ಮೊದಲು ಕಣ್ಣು, ಆಮೇಲೆ ಮೂಗು. ನೋಡಬಾರದಿತ್ತು, ನೋಡಿಬಿಟ್ಟೆ ಎಂದುಕೊಂಡು ಕಪ್ಪಾದ ಬೀಜವನ್ನು ಕಸದ ಬುಟ್ಟಿಗೆ ಸುರಿದು, ಹೊಸ ಬೀಜಕ್ಕಾಗಿ ಡಬ್ಬ ತೆರೆದ. ಡಬ್ಬ ಓರೆಯಾಗಿ ಒಂದಷ್ಟು ನೆಲಕ್ಕೆ ಚೆಲ್ಲಿತು. ಬಗ್ಗಿ ಒಂದೊಂದೇ ಆರಿಸತೊಡಗಿದ.

ಇನ್ನೊಬ್ಬರ ಕಣ್ಣು ಎಲ್ಲಿ ಹೋಗುತ್ತದೆಂದು ನೋಡುವುದೇ ಅವನ ಹೊಟ್ಟೆಪಾಡು. ಕನ್ನಡಕದ ಅಂಗಡಿಯ ಹಿಂದಿನ ಕತ್ತಲೆಕೋಣೆಯಲ್ಲಿ ಜನರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಇಳಿಸಿ, “ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಇದ್ರಲ್ಲಾ?” ಎಂದು ಕೇಳುತ್ತ ಅರ್ಧ ಆಯುಷ್ಯ ಕಳೆದಿದ್ದ. ಜನ ಸುಳ್ಳು ಹೇಳುತ್ತಾರೆ ಎಂಬುದು ಅವನಿಗೆ ಆ ಕೋಣೆಯಲ್ಲೇ ತಿಳಿದದ್ದು. ಮೋಸ ಮಾಡಲು ಹೇಳುವವರು ಕಡಿಮೆ. ಹೆಚ್ಚಿನವರದು ದಾಕ್ಷಿಣ್ಯದ ಸುಳ್ಳು. ಪಾಪ, ಈ ಮನುಷ್ಯ ಇಷ್ಟು ಹೊತ್ತಿನಿಂದ ಗಾಜು ಬದಲಾಯಿಸುತ್ತಿದ್ದಾನೆ, ಒಮ್ಮೆಯಾದರೂ ಚೆನ್ನಾಗಿದೆ ಅನ್ನೋಣ ಎಂದು ಅನ್ನುತ್ತಾರೆ. ಅಂಥವರಿಗೆಂದೇ ಪೆಟ್ಟಿಗೆಯ ಮೂಲೆಯಲ್ಲಿ ಪವರಿಲ್ಲದ ಗಾಜೊಂದಿತ್ತು. ಬರೀ ಗಾಜು. ಅದನ್ನು ಇಳಿಸಿ ಕೇಳಿದಾಗ “ಆಹಾ, ಈಗ ಸ್ಪಷ್ಟವಾಯ್ತು” ಎಂದರೆ, ಅಲ್ಲಿಯವರೆಗೆ ಹೇಳಿದ್ದನ್ನೆಲ್ಲ ಅಳಿಸಿ ಮೊದಲಿಂದ ಶುರು. ಇದನ್ನು ಕಲಿಸಿದ ಅಂಗಡಿಯ ಯಜಮಾನ ಅದಕ್ಕೆ ‘ಹರಿಶ್ಚಂದ್ರ’ ಎಂದು ಹೆಸರಿಟ್ಟಿದ್ದ. “ಹರಿಶ್ಚಂದ್ರನ್ನ ಹಾಕಿ ನೋಡಯ್ಯ” ಎಂದು ಗಿರಾಕಿಯ ಎದುರಿಗೇ ಹೇಳಿ ನಗುವನು.

ಹೊಸ ಬೀಜ ಸಿಡಿಯಲು ಶುರುವಾಯಿತು. ಈ ಸಲ ಹದವಾಗಿ ಇಳಿಸಿ, ಹಳೆಯ ಪೇಪರಿನ ಮೇಲೆ ತೆಳ್ಳಗೆ ಹರಡಿದ. ಪಕ್ಕದಲ್ಲಿ ಹುರಿದ ಜೀರಿಗೆ, ಮೆಂತ್ಯ, ನೆರಳಲ್ಲಿ ಒಣಗಿಸಿ ಗರಿಗರಿಯಾದ ನಿಂಬೆಸಿಪ್ಪೆ, ಉಗುರಿನಂತೆ ಮುರಿಯುವ ಬೆಳ್ಳುಳ್ಳಿ ಚೂರು. ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಬೇಕು, ಒಟ್ಟಿಗೆ ಹಾಕಿದರೆ ಜೀರಿಗೆ ಸೀಯುವಾಗ ಮೆಂತ್ಯ ಇನ್ನೂ ನಿದ್ದೆಯಲ್ಲಿರುತ್ತದೆ. ಆರುವ ಮುಂಚೆ ಮಿಕ್ಸಿಗೆ ಹಾಕಬಾರದು, ಒಳಗೆ ಬೆವರಿ ಮುದ್ದೆಯಾಗುತ್ತದೆ. ಸೀಸೆಯೊಳಕ್ಕೆ ಹಸಿ ಚಮಚ ಹೋಗಕೂಡದು. ಇದನ್ನೆಲ್ಲ ಹೇಳಿಕೊಟ್ಟವಳು ಅವಳೇ, ಕುರ್ಚಿಯಲ್ಲಿ ಕೂತಲ್ಲಿಂದ. ಜರಡಿ ಹಿಡಿಯುವುದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಾಜು ಉಜ್ಜುವ ಪುಡಿಯನ್ನು ಒರಟು, ನಯ, ಅತಿನಯ ಎಂದು ಬೇರ್ಪಡಿಸಿದ ಕೈ ಅವನದು. ಒಣಮೆಣಸಿನಕಾಯಿಯನ್ನು ಅವನು ಬೇಕೆಂದೇ ಬಿಟ್ಟಿದ್ದ. ಖಾರದ ಉರಿ ನಾಲಿಗೆ ಸತ್ತವರಿಗೂ ತಾಗುತ್ತದಂತೆ. ಉರಿಯನ್ನೇ ರುಚಿ ಎಂದುಕೊಂಡು ಮೋಸಹೋದಾಳು ಎಂದು. ಆಗ ಅವನಿಗೆ ಮೋಸ ಯಾವ ದಿಕ್ಕಿನಿಂದ ಬರುತ್ತದೆಂಬುದು ಗೊತ್ತಿರಲಿಲ್ಲ.

ಅವಳು ಮಸಾಲೆ ಕಾರ್ಖಾನೆಯಲ್ಲಿ ರುಚಿ ನೋಡುವವಳಾಗಿದ್ದಳು. ಅಲ್ಲಿ ಅವಳಿಗೆ ಹೆಸರಿರಲಿಲ್ಲ, ‘ನಾಲಿಗೆ’ ಎಂದೇ ಕರೆಯುತ್ತಿದ್ದರು. ನಾಲಿಗೆ ಬಂತಾ, ನಾಲಿಗೆ ಹೂಂ ಅಂತಾ, ನಾಲಿಗೆಗೆ ನೆಗಡಿಯಂತೆ, ಇವತ್ತು ಯಂತ್ರ ನಿಲ್ಸಿ. ಕಾರ್ಖಾನೆಯ ವರ್ಷದ ಊಟಕ್ಕೆ ಅವನನ್ನು ಕರೆದುಕೊಂಡು ಹೋದಾಗ ಗೋದಾಮಿನವನೊಬ್ಬ ಕೈ ಕುಲುಕಿ, “ಓ, ನಾಲಿಗೆಯ ಯಜಮಾನ್ರು. ಮನೇಲಿ ಸುಳ್ಳು ಹೇಳೋದು ಕಷ್ಟ ಅಲ್ವಾ ಸಾರ್?” ಅಂದಿದ್ದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅವನ ನಗು ಬರಲು ತುಸು ತಡವಾಯಿತು. ಆ ಮಾತು ನಿಜವಾಗಿತ್ತು. ಮದುವೆಯಾದ ಹೊಸತರಲ್ಲಿ ಸ್ನೇಹಿತರ ಜೊತೆ ಹೊರಗೆ ತಿಂದು ಬಂದು, ಹಸಿವಿಲ್ಲ, ತಲೆನೋವು ಎಂದಿದ್ದಕ್ಕೆ, ಅವನ ಕರವಸ್ತ್ರವನ್ನು ಒಗೆಯಲು ಎತ್ತಿಕೊಂಡವಳು, “ಆ ಸ್ಟೇಷನ್ ಪಕ್ಕದವನು ಎಣ್ಣೆ ಬದಲಾಯಿಸಲ್ಲ ಕಣ್ರೀ, ಅಲ್ಲಿ ತಿನ್ನಬೇಡಿ” ಎಂದಷ್ಟೇ ಹೇಳಿ ಒಳಗೆ ಹೋಗಿದ್ದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಆಮೇಲೆ ಅವನು ಈ ಮನೆಯಲ್ಲಿ ಸುಳ್ಳು ಹೇಳುವುದನ್ನೇ ಬಿಟ್ಟ. ಒಳ್ಳೆಯವನಾದದ್ದಲ್ಲ, ಅವಕಾಶವಿರಲಿಲ್ಲ.

ಆಮೇಲೆ ಅವಳಿಗೆ ಒಂದು ಜ್ವರ ಬಂತು. ಜ್ವರ ಬಿಟ್ಟ ಬೆಳಿಗ್ಗೆ ಅವಳು ಒಂದು ಗುಟುಕು ಕಾಫಿ ಕುಡಿದು ಲೋಟವನ್ನು ಕೆಳಗಿಟ್ಟಳು. ಎತ್ತಿ ಮತ್ತೆ ಕುಡಿದಳು. “ರೀ, ಇದಕ್ಕೆ ಪುಡಿ ಹಾಕಿದ್ದೀರಾ?” ಅಂದಳು. ಹಾಕಿದ್ದ. “ಸಕ್ಕರೆ?” ಅದೂ ಇತ್ತು. ಅವಳು ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅದರೊಳಗೆ ಏನೋ ಬಿದ್ದುಹೋಗಿದೆಯೇನೋ ಎಂಬಂತೆ ನೋಡುತ್ತ ಕೂತಳು. ವೈದ್ಯರು, ಹೋದ ರುಚಿ, ವಾಸನೆ ಮರಳಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಅಂದರು. ಅಷ್ಟನ್ನು ಹೇಳಲು ಓದಬೇಕೇ ಎಂದು ಅವನು ದಾರಿಯುದ್ದಕ್ಕೂ ಗೊಣಗಿದ. ಅವಳು ಊಟ ಬಿಟ್ಟಳು. ರಟ್ಟು ತಿಂದ ಹಾಗಾಗುತ್ತೆ ಅಂದಳು. ಮೈ ಇಳಿದು ಬಳೆ ಮೊಣಕೈವರೆಗೆ ಜಾರುವಂತಾಯಿತು. ಅವನು ಪುಡಿ ಮಾಡಲು ಶುರುಮಾಡಿದ್ದು ಆಗ. ದಿನಕ್ಕೊಂದು ಬಗೆ. ದಿನಾ ಸಂಜೆ ಅಂಗಡಿಯಿಂದ ಬಂದು, ಕೈ ತೊಳೆದು, ಒಂದು ಚಿಟಿಕೆಯನ್ನು ಅವಳ ಅಂಗೈಗೆ ಹಾಕಿ ಎದುರಿಗೆ ಕುಕ್ಕರಗಾಲಲ್ಲಿ ಕೂರುವನು. ಅವಳು ನೆಕ್ಕಿ ತಲೆ ಅಲ್ಲಾಡಿಸುವಳು. ನಾಳೆ ನೋಡೋಣ ಎನ್ನುವನು. ನಾಚಿಕೆಗೇಡಿನ ಸಂಗತಿಯೆಂದರೆ, ಆ ದಿನಗಳಲ್ಲಿ ಅವನಿಗೆ ಒಳಗೊಳಗೇ ಒಂದು ಸುಖವಿತ್ತು. ಅಡುಗೆಮನೆಯಲ್ಲಿ ಈಗ ಬಲ್ಲವನು ತಾನೇ. ಒಮ್ಮೆ ಸ್ಟೇಷನ್ ಪಕ್ಕದವನಲ್ಲಿ ತಿಂದು ಬಂದು, ಬಾಯಿಯನ್ನೂ ಮುಕ್ಕಳಿಸದೆ ಅವಳ ಹತ್ತಿರ ಕೂತು ಮಾತಾಡಿದ್ದ. ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವಲ್ಲ ಎಂದು ಆ ರಾತ್ರಿಯೆಲ್ಲ ಅವನು ಮಗ್ಗುಲು ಬದಲಿಸಿದ್ದೇ ಬಂತು.

ಹಾಗಿರುವಾಗ ಒಂದು ಸಂಜೆ ಅವಳು ಚಿಟಿಕೆ ನೆಕ್ಕಿ, ಕಣ್ಣು ಕಿರಿದು ಮಾಡಿ, “ಜೀರಿಗೆ,” ಅಂದಳು. “ದೂರದಲ್ಲಿ ಯಾರೋ ಮಾತಾಡಿದ ಹಾಗೆ. ಆದ್ರೆ ಜೀರಿಗೆನೇ.” ಅವನು ಎದ್ದು ನಿಂತ. ಏನು ಮಾಡಬೇಕೆಂದು ತೋಚದೆ ಅಡುಗೆಮನೆಗೆ ಹೋಗಿ, ಸುಮ್ಮನೆ ನಲ್ಲಿ ತಿರುಗಿಸಿ, ನಿಲ್ಲಿಸಿ ಬಂದ. ಮಾರನೆಯ ದಿನ ನಿಂಬೆಸಿಪ್ಪೆ ಗೊತ್ತಾಯಿತು, ಮುಂದೆ ಬೆಳ್ಳುಳ್ಳಿ. ಅವಳು ತಟ್ಟೆಗೆ ಬಡಿಸಿದ್ದನ್ನು ಮುಗಿಸತೊಡಗಿದಳು. ಅವನು ಕಂಡಕಂಡವರಿಗೆಲ್ಲ ಹೇಳಿದ. ಅಂಗಡಿಯ ಯಜಮಾನ, “ಕಣ್ಣು ಬಿಟ್ಟು ನಾಲಿಗೆಗೆ ಇಳಿದೆಯೇನಯ್ಯ” ಎಂದು ಬೆನ್ನು ತಟ್ಟಿದ. ಆ ಹುಮ್ಮಸ್ಸಿನಲ್ಲಿ ಅವನು ಕಾರ್ಖಾನೆಗೆ ಫೋನ್ ಮಾಡಿದ, ಅವಳನ್ನು ಕೇಳದೆ. ನಾಲಿಗೆ ವಾಪಸ್ ಬಂದಿದೆ, ನಾನೇ ತರಿಸಿದೆ. ‘ನಾನೇ’ ಎಂಬ ಮಾತನ್ನು ಒತ್ತಿ ಹೇಳಿದ್ದು ಈಗಲೂ ಅವನ ಕಿವಿಯಲ್ಲಿದೆ.

ಪವರಿಲ್ಲದ ಗಾಜಿನ ಕೆಲಸ ಅದಾದ ಮೇಲಿನದು. ಅಂಗಡಿಗೆ ಒಬ್ಬ ತಾಯಿ ಮಗಳನ್ನು ಕರೆತಂದಿದ್ದಳು. ಬೋರ್ಡಿನ ಮೇಲಿನದು ಕಾಣಲ್ಲವಂತೆ. ಗೆಳತಿಗೆ ಕನ್ನಡಕ ಬಂದಿದೆ, ತನಗೂ ಬೇಕು ಎಂಬುದು ಹುಡುಗಿಯ ಮುಖದ ಮೇಲೆ ಬರೆದಂತಿತ್ತು. ಅವನು ಹರಿಶ್ಚಂದ್ರನನ್ನು ಇಳಿಸಿದ. ಹುಡುಗಿ ಕೊನೆಯ ಸಾಲಿನವರೆಗೂ ಗಳಗಳ ಓದಿದಳು. “ಕಣ್ಣು ಚೆನ್ನಾಗಿದೆಯಮ್ಮ, ಇದು ಬರೀ ಗಾಜು” ಎಂದ. ತಾಯಿ ಅಲ್ಲೇ ಕೆನ್ನೆಗೆ ಬಾರಿಸಿದಳು. ಹುಡುಗಿ ಅಳಲಿಲ್ಲ, ಭಾರದ ಚೌಕಟ್ಟಿನ ಹಿಂದಿನಿಂದ ಅವನನ್ನು ನೋಡಿದಳು, ಅಷ್ಟೆ. ಆ ನೋಟ ಹೊತ್ತುಕೊಂಡೇ ಮನೆಗೆ ಬಂದವನು, ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳದೆ, ಬರಿಯ ಹಿಟ್ಟನ್ನು ಕಂದುಬಣ್ಣಕ್ಕೆ ಬರುವಂತೆ ಹುರಿದು, ಎರಡು ಬಟ್ಟಲಿಗೆ ಹಾಕಿದ. ಜೀರಿಗೆಯಿಲ್ಲ, ನಿಂಬೆಯಿಲ್ಲ, ಒಂದು ಕಾಳು ಉಪ್ಪೂ ಇಲ್ಲ. “ಇದು ಚೆನ್ನಾಗಿದೆಯಾ, ಇದಾ?” ಎಂದು ಕೇಳಿದ. ಅವಳು ಮೊದಲನೆಯದನ್ನು ನಾಲಿಗೆಗಿಟ್ಟುಕೊಂಡಳು. ಆಗ ಅವನು ನೋಡಿದ, ಮೊದಲ ಸಲ ನಿಜವಾಗಿ ನೋಡಿದ: ಪುಡಿ ನಾಲಿಗೆಯ ಮೇಲಿತ್ತು, ಕಣ್ಣು ಅವನ ಮುಖದ ಮೇಲಿತ್ತು. ಅವನ ಹುಬ್ಬು, ಅವನ ತುಟಿಯ ತುದಿ, ಉಸಿರು ಹಿಡಿದ ಎದೆ. ಇಷ್ಟು ದಿನವೂ ಉತ್ತರವನ್ನು ಅವನೇ ಅವಳೆದುರು ಹಿಡಿದು ಕೂತಿದ್ದ. “ಇದ್ರಲ್ಲಿ ಜೀರಿಗೆ ಮುಂದಿದೆ,” ಅಂದಳು. ಎರಡನೆಯದಕ್ಕೆ, “ಇದು ವಾಸಿ ಕಣ್ರೀ. ನಿಂಬೆಸಿಪ್ಪೆ ಸರಿಯಾಗಿ ಕೂತಿದೆ.” ಅವನು “ಶಹಬ್ಬಾಸ್” ಎಂದ. ಬಟ್ಟಲು ತೊಳೆಯಲು ಹೋದವನು ಬಹಳ ಹೊತ್ತು ತೊಳೆದ.

ಮೊದಲು ಬಂದದ್ದು ಸಿಟ್ಟು. ತನ್ನನ್ನು ಮಗುವಿನಂತೆ ಆಡಿಸಿದಳಲ್ಲ ಎಂದು. ಕುಕ್ಕರಗಾಲಲ್ಲಿ ಕೂತ ತನ್ನ ಚಿತ್ರ ಕಣ್ಣೆದುರು ಬಂದಾಗ ಸಿಟ್ಟು ಇಳಿಯಿತು. ಪಾಪ, ಇಷ್ಟು ದಿನದಿಂದ ಪುಡಿ ಬದಲಾಯಿಸುತ್ತಿದ್ದಾನೆ, ಒಮ್ಮೆಯಾದರೂ. ಹಾಗಾದರೆ ಅವಳು ರಟ್ಟನ್ನೇ ತಿನ್ನುತ್ತಿದ್ದಾಳೆ, ತಟ್ಟೆ ಖಾಲಿಯಾಗುವವರೆಗೂ, ಅವನೆದುರಿಗೆ ನಗುತ್ತ. ಆ ದಿನದಿಂದ ಅವಳು ಒಂದೊಂದು ತುತ್ತು ನುಂಗುವಾಗಲೂ ಅವನು ತನ್ನ ತಟ್ಟೆಯಿಂದ ಕಣ್ಣೆತ್ತುತ್ತಿರಲಿಲ್ಲ. ಹೇಳಿಬಿಡಬೇಕು. ಏನೆಂದು? ನಿನ್ನನ್ನು ಪರೀಕ್ಷೆ ಮಾಡಿದೆ, ನೀನು ಸಿಕ್ಕಿಬಿದ್ದೆ, ಎಂದೇ? ಅಷ್ಟರಲ್ಲಿ ಕಾರ್ಖಾನೆಯಿಂದ ಫೋನ್ ಬಂತು. ಅವಳೇ ಎತ್ತಿಕೊಂಡಳು. ರಜಾ ದಿನ ಸಂಜೆ ಬರುತ್ತಾರಂತೆ, ಎರಡು ಬಗೆ ಪುಡಿ ತರುತ್ತಾರಂತೆ, ಸುಮ್ಮನೆ ಕ್ರಮಕ್ಕೆ. “ಬರ್ಲಿ ಬಿಡಿ,” ಅಂದಳು ಅವನಿಗೆ, “ನೀವೇ ಕರೆದಿದ್ದಲ್ವಾ.”

ಆ ರಜಾ ದಿನ ಇವತ್ತು. ಬೀಜ ಆರಿತ್ತು. ಮಿಕ್ಸಿಗೆ ಹಾಕಿ ತಿರುವಿ, ಜರಡಿ ಹಿಡಿದು, ಮೇಲುಳಿದ ತರಿಯನ್ನು ಮತ್ತೆ ತಿರುವಿ, ಸೀಸೆಗೆ ತುಂಬಿ, ಕೈ ಒರೆಸಿಕೊಳ್ಳುತ್ತ ನಡುಮನೆಗೆ ಬಂದ. ಅವಳು ಹೊಸ ಸೀರೆಯುಟ್ಟು ಕೂತಿದ್ದಳು.

“ಬರೋದು ಬೇಡ ಅಂತ ಫೋನ್ ಮಾಡ್ಲಾ?” ಎಂದ.

“ಯಾಕೆ?”

“ನಿಂಗೆ ಸುಸ್ತು ಅಂತ ಹೇಳ್ತೀನಿ.”

“ನಂಗೇನೂ ಸುಸ್ತಿಲ್ಲ. ನಿಮಗೇ ಇರ್ಬೇಕು. ಬೆಳಿಗ್ಗೆಯಿಂದ ಒಲೆ ಮುಂದೆ ನಿಂತಿದ್ದೀರ, ಅದೂ ಸೀಸ್ಕೊಂಡು.”

“ಅಲ್ಲ ಕಣೇ, ಇನ್ನೂ ಸ್ವಲ್ಪ ದಿನ ಹೋಗ್ಲಿ. ಅವಸರ ಏನಿದೆ.”

“ಅವಸರ ಮಾಡಿದ್ದು ನಾನಾ?” ಎಂದು ಸೆರಗು ಸರಿಮಾಡಿಕೊಂಡು ಅವನನ್ನೇ ನೋಡಿದಳು. ಅವನು ಕೂಡಲೇ ಕಿಟಕಿಯ ಕಡೆ ತಿರುಗಿದ. ಈಗೀಗ ಅವಳೆದುರು ತನ್ನ ಮುಖವನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ತೆರೆದಿಟ್ಟ ಪುಸ್ತಕದಂತಿರುವ ಮುಖವನ್ನು ಮುಚ್ಚುವ ಉಪಾಯ ಅವನಿಗೆ ಯಾರೂ ಕಲಿಸಿರಲಿಲ್ಲ. ಹೇಳಲು ಬಾಯಿ ತೆರೆದ. “ನಾನು ಮೊನ್ನೆ...” ಎಂದ. ಅವಳು ಪೇಪರು ಮಡಚಿಟ್ಟಳು. “ಮೊನ್ನೆ ಏನು?” “ಏನಿಲ್ಲ. ಹಾಲು ಸಾಕಾಗುತ್ತೋ ಇಲ್ವೋ ಅಂತ.” “ಸಾಕು,” ಅಂದಳು. ಅವಳ ದನಿ ಎಷ್ಟು ಮೆದುವಾಗಿತ್ತೆಂದರೆ, ಗೊತ್ತಿರಬಹುದು, ಎಲ್ಲ ಗೊತ್ತಿರಬಹುದು ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಬಂದವಳು ಕಾರ್ಖಾನೆಯ ಮೇಲ್ವಿಚಾರಕಿ. ಕುಳ್ಳಿ, ಚುರುಕಿನವಳು, ಕೆಲಸಕ್ಕೆ ಸೇರಿದಾಗ ಇವಳ ಕೈಕೆಳಗೆ ಕಲಿತವಳಾದ್ದರಿಂದ, ಮೇಲ್ವಿಚಾರಕಿಯಾದ ಮೇಲೂ ಇವಳ ಬಾಯಲ್ಲಿ ‘ಪುಟಾಣಿ’ಯಾಗಿಯೇ ಉಳಿದಿದ್ದಳು. ಒಳಗೆ ಬಂದವಳೇ ಅಕ್ಕನ ಎರಡೂ ಕೈ ಹಿಡಿದುಕೊಂಡು ಕೂತಳು.

“ಎಷ್ಟು ಸೊರಗಿದ್ದೀರಕ್ಕ. ಭಾವ ಬರೀ ಪುಡಿ ತಿನ್ನಿಸಿ ಸಾಕ್ತಿದ್ದಾರಾ ಹೇಗೆ?”

“ಅನ್ನಾನೂ ಹಾಕ್ತಾರೆ, ನಡುನಡುವೆ,” ಅಂದಳು ಇವಳು.

“ಭಾವ, ನೀವು ನಮ್ಮ ಕಾರ್ಖಾನೆಗೇ ಬಂದ್ಬಿಡಿ. ಅಲ್ಲಿ ಈಗ ಯಾರಿಗೂ ಬೆನ್ನುಮೂಳೆ ಇಲ್ಲ. ಇದು ಹೇಗಿದೆ ಅಂದ್ರೆ ಒಬ್ರು ಮುಖ ಒಬ್ರು ನೋಡ್ತಾರೆ.”

ಅವನು ಕಾಫಿ ತರುವ ನೆಪದಲ್ಲಿ ಒಳಗೆ ಹೋದ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಲೋಟ ಜೋಡಿಸುವಾಗ ಕಿವಿ ಬಿಸಿಯಾಗಿತ್ತು. ಅವನು ಮರಳಿ ಬರುವಷ್ಟರಲ್ಲಿ ಪುಟಾಣಿ ಚೀಲದಿಂದ ಎರಡು ಸಣ್ಣ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಿದ್ದಳು, ಪಕ್ಕದಲ್ಲಿ ಬಿಸಿನೀರಿನ ಲೋಟ. “ಸುಮ್ನೆ ಕ್ರಮಕ್ಕೆ ಅಕ್ಕ. ಮೇಲಿನವರು ಕೇಳ್ತಾರೆ, ಎರಡರಲ್ಲಿ ಯಾವುದು ಸರಿಯಿಲ್ಲ ಅಂತ ಹೇಳ್ಬೇಕಲ್ಲ,” ಎಂದು ಮುಚ್ಚಳ ತೆಗೆದಳು. ಅವನು ಬಾಗಿಲ ಪಕ್ಕ ತಟ್ಟೆ ಹಿಡಿದು ನಿಂತ. ಅವಳು ಮೊದಲನೆಯದರಿಂದ ಚಿಟಿಕೆ ತೆಗೆದು, ಹಳೆಯ ಅಭ್ಯಾಸದಂತೆ ಹೆಬ್ಬೆರಳಿನಿಂದ ತೀಡಿ, ನಾಲಿಗೆಗಿಟ್ಟಳು. ನೀರು ಕುಡಿದಳು. ಎರಡನೆಯದು. ಅವಳ ಕಣ್ಣು ಪುಟಾಣಿಯ ಮುಖದ ಮೇಲೆ ನಿಧಾನವಾಗಿ, ಹಸ್ತರೇಖೆ ನೋಡುವವರ ಬೆರಳಿನಂತೆ ಓಡಾಡಿತು. ಅವನೂ ನೋಡಿದ. ಎರಡನೆಯ ಡಬ್ಬಿಗೆ ಕೈ ಹೋದಾಗ ಪುಟಾಣಿ ಒಮ್ಮೆ ಉಗುಳು ನುಂಗಿದ್ದಳು, ಮುಚ್ಚಳ ಹಿಡಿದ ಬೆರಳು ಬಿಗಿಯಾಗಿತ್ತು. ಅವನಿಗೆ ಕಂಡಿತು, ಅವಳಿಗೆ ಕಾಣದಿರುತ್ತದೆಯೇ? ಹೇಳು ಎಂದು ಅವನು ಒಳಗೇ ಅಂದ. ಬೆಳಿಗ್ಗೆಯಿಂದ ಈ ಸುಳ್ಳು ಒಡೆಯಬೇಕೆಂದು ಒದ್ದಾಡಿದವನು ಈಗ ಅದು ಗೆಲ್ಲಲಿ ಎಂದು ತಟ್ಟೆಯನ್ನು ಅವುಚಿಕೊಂಡು ನಿಂತಿದ್ದ. ಈ ಸುಳ್ಳು ಅವಳದು, ಅವಳೇ ಕಷ್ಟಪಟ್ಟು ಕಲಿತದ್ದು. ಸೋತರೆ ಅವಳಿಗೆ ಮತ್ತೇನೂ ಉಳಿಯುವುದಿಲ್ಲ.

“ಎರಡನೇದು,” ಅಂದಳು ಅವಳು. ಸ್ವಲ್ಪ ತಡೆದು, ಪುಟಾಣಿಯ ಕಣ್ಣು ಅರಳಿದ್ದನ್ನು ನೋಡಿ, ಇವತ್ತು ಒಲೆಯ ಮೇಲೆ ಸೀದ ಬೀಜವನ್ನು ನೆನೆದವಳಂತೆ, “ಕೊತ್ತಂಬರಿ ಹುರಿದಿದ್ದು ಜಾಸ್ತಿ ಆಗಿದೆ.”

ಪುಟಾಣಿ ಮುಖ ಮುಚ್ಚಿಕೊಂಡಳು. ತೆಗೆದಾಗ ಕಣ್ಣು ಒದ್ದೆಯಾಗಿತ್ತು. “ಅಂಗಡಿಗಳಿಂದ ವಾಪಸ್ ಬಂತಕ್ಕ ಈ ಮಾಲು. ನಾವೆಲ್ಲ ಕೂತು ನೆಕ್ಕಿದ್ದೇ ನೆಕ್ಕಿದ್ದು. ಕಹಿನಾ, ಹಳೇದಾ, ಯಾರಿಗೂ ಗೊತ್ತಾಗ್ಲಿಲ್ಲ. ನಂಗೊಬ್ಳಿಗೆ ಹುರಿದಿದ್ದರ ಮೇಲೇ ಅನುಮಾನ ಇತ್ತು, ಬಾಯಿಬಿಡೋಕೆ ಧೈರ್ಯ ಇರ್ಲಿಲ್ಲ. ಸೋಮವಾರದಿಂದ ಬನ್ನಿ. ನಿಮ್ಮ ಕುರ್ಚಿ ಅಲ್ಲೇ ಇದೆ, ಕಿಟಕಿ ಪಕ್ಕ, ಯಾರನ್ನೂ ಕೂರೋಕೆ ಬಿಟ್ಟಿಲ್ಲ. ಭಾವ, ಕಳಿಸ್ತೀರಲ್ವಾ?”

“ಕಳಿಸದೆ ಏನು,” ಎಂದ ಅವನು. ದನಿ ತನ್ನದೆನ್ನಿಸಲಿಲ್ಲ. ಅವಳು ಅವನ ಕಡೆ ತಿರುಗಿದಳು. ಅವನು ಕಾಫಿ ಲೋಟಗಳನ್ನು ಮೇಜಿಗಿಟ್ಟ, ಒಂದು ತುಳುಕಿತು, ಒರೆಸಲು ಬಟ್ಟೆ ಹುಡುಕಿದ, ಹೆಗಲ ಮೇಲೆಯೇ ಇತ್ತು. ಪುಟಾಣಿ ಬಾಯಿ ಬಿಡಲು ಧೈರ್ಯವಿಲ್ಲದೆ ಮುಖದಲ್ಲಿ ಹಿಡಿದಿಟ್ಟಿದ್ದ ಮಾತನ್ನು ಇವಳು ಓದಿ ಅವಳಿಗೇ ತಿರುಗಿ ಕೊಟ್ಟಿದ್ದಳು. ಇನ್ನು ಮುಂದೆ ದಿನವೂ ಆ ಕಿಟಕಿಯ ಪಕ್ಕ ಹೀಗೇ, ಅಂಜುವವರ ಮುಖಗಳನ್ನು ಒಂದೊಂದಾಗಿ ಓದುತ್ತ. ಅವಳು ಗೆದ್ದಿದ್ದಾಳೆ ಎಂದು ಹೇಳಿಕೊಂಡ. ಹೇಳಿಕೊಳ್ಳುತ್ತಲೇ ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

“ಇನ್ನೊಂದಿದೆ ಅಕ್ಕ,” ಎಂದು ಪುಟಾಣಿ ಚೀಲದ ತಳಕ್ಕೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ ಸೀಸೆಯೊಂದನ್ನು ತೆಗೆದಳು. ಅದನ್ನು ಹಿಡಿದ ರೀತಿಯೇ ಬೇರೆ. ಮೇಲ್ವಿಚಾರಕಿ ಹೋಗಿ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿ ಕೂತಂತಾಯಿತು. “ಇದು ಕಾರ್ಖಾನೆದಲ್ಲ. ನಾನೇ ಮನೇಲಿ ಮಾಡಿದ್ದು. ನೀವು ಹೇಳಿಕೊಟ್ಟ ಹಾಗೇ, ಒಂದೊಂದೇ ಹುರಿದು. ಏನೇನು ಹಾಕಿದೀನಿ ಕೇಳ್ಬೇಡಿ. ಇನ್ನೂ ಯಾರಿಗೂ ಕೊಟ್ಟಿಲ್ಲ. ಮನೆಯವರಿಗೆ ಕೊಟ್ರೆ ಚೆನ್ನಾಗಿದೆ ಅಂತಾರೆ, ಅವರಿಗೆ ಜಗಳ ಬೇಡ. ನಂಗೆ ಇದು ಚೆನ್ನಾಗಿದೆಯೋ ಕೆಟ್ಟದಾಗಿದೆಯೋ ಒಂದೂ ತಿಳೀತಿಲ್ಲ, ಮಾಡಿ ಮಾಡಿ ತಲೆ ಕೆಟ್ಟೋಗಿದೆ. ನೀವು ಕೆಟ್ಟದು ಅಂದ್ರೆ ಚೆಲ್ತೀನಿ. ನಿಮ್ಮ ಬಾಯಿಂದ ಬರೋದು ನಿಜ ಅಂತ ನಂಗೆ ಗೊತ್ತು.”

ಮುಚ್ಚಳ ತೆಗೆದು, ಚಿಟಿಕೆ ಪುಡಿಯನ್ನು ಅವಳ ಅಂಗೈಯ ಕಡೆ ಚಾಚಿದಳು. ಘಮ ಅವನವರೆಗೂ ಬಂತು. ಅವನು ಎಂದೂ ಮೂಸಿರದ ಯಾವುದೋ ಒಣಗಿದ ಎಲೆ ಅದರಲ್ಲಿತ್ತು. ಅವಳು ಹುಡುಗಿಯ ಮುಖ ನೋಡಿದಳು. ಅಲ್ಲಿ ಏನೂ ಬರೆದಿರಲಿಲ್ಲ. ಉತ್ತರ ಗೊತ್ತಿಲ್ಲದ, ಉತ್ತರಕ್ಕಾಗಿ ಬಾಯಿ ತುಸು ತೆರೆದ ಮುಖ. ಅವಳು ಗಂಡನ ಮುಖ ನೋಡಿದಳು. ಅವನು ಈ ಸಲ ಮುಖ ತಿರುಗಿಸಲಿಲ್ಲ. ಚೆನ್ನಾಗಿದೆ ಅನ್ನಬಹುದು, ಅವಳಿಗೆ ಅನ್ನಲು ಬರುತ್ತದೆ, ಎಷ್ಟು ಮೆದುವಾಗಿ ಅನ್ನಬಲ್ಲಳೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವಳ ಕೈ ಮಡಿಲಿಂದ ಅರ್ಧ ಮೇಲೆದ್ದು, ಅಲ್ಲೇ ನಿಂತಿತು. ಬೆರಳು ಒಂದೊಂದಾಗಿ ಮಡಚಿಕೊಂಡವು.

“ಒಂದೇ ಚಿಟಿಕೆ ಅಕ್ಕ.”

“ಬೇಡ,” ಅಂದಳು ಅವಳು. “ಇದೂ ಬೇಡ, ಆ ಕುರ್ಚಿನೂ ಬೇಡ. ನಂಗೆ ಏನೂ ಗೊತ್ತಾಗಲ್ಲ ಪುಟಾಣಿ.”